ಕ್ಯಾನ್ಸರ್ ತಪಾಸಣೆ ಮತ್ತು ಜನರ ಮನೋಭಾವ

ಕ್ಯಾನ್ಸರ್ ಎಂಬ ಶಬ್ದವನ್ನು ಉಚ್ಚರಿಸಲೂ ಹಿಂಜರಿಯುವ ಕುಟುಂಬಗಳು ಇಂದಿಗೂ ಅನೇಕ. ‘ನೋವೇ ಇಲ್ಲದಿರುವಾಗ ಪರೀಕ್ಷೆ ಏಕೆ?’ ಎಂದು ಕೆಲವರು ಕೇಳುತ್ತಾರೆ. ‘ಹಣೆಬರಹ ತಪ್ಪಿಸಲಾದೀತೆ?’ ಎಂದು ಮತ್ತೆ ಕೆಲವರು ಸುಮ್ಮನಾಗುತ್ತಾರೆ. ಮಹಿಳೆಯರಲ್ಲಿ ಇವುಗಳೊಡನೆ ಸಂಕೋಚವೂ ಸೇರಿಕೊಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇಕಡಾ 1.9 ಮಾತ್ರ. ಬಾಯಿ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡ ಪುರುಷರು ಶೇಕಡಾ 1.2. ಸೌಲಭ್ಯಗಳ ಕೊರತೆಯಷ್ಟೇ ಭಯವೂ ಜನರನ್ನು ತಪಾಸಣೆಯಿಂದ ದೂರವಿರಿಸುತ್ತದೆ.

ವಾಸ್ತವವಾಗಿ, ನೋವಿಲ್ಲದ ಕಾಲವೇ ತಪಾಸಣೆಗೆ ಸೂಕ್ತವಾದ ಕಾಲ. ಗರ್ಭಕೊರಳಿನ ಕ್ಯಾನ್ಸರ್ ಒಮ್ಮೆಲೇ ತಲೆದೋರುವುದಿಲ್ಲ. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಸೋಂಕು ದೀರ್ಘಕಾಲ ಉಳಿದಾಗ ಜೀವಕೋಶಗಳು ನಿಧಾನವಾಗಿ ಮಾರ್ಪಡುತ್ತವೆ. ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹಲವು ವರ್ಷಗಳೇ ಬೇಕು. ಗರ್ಭಕೊರಳಿಗೆ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿದಾಗ ಇಂತಹ ಭಾಗವು ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಕೆಲವೇ ನಿಮಿಷಗಳ ಈ ಪರೀಕ್ಷೆಗೆ ದುಬಾರಿ ಯಂತ್ರವಾಗಲಿ ಪ್ರಯೋಗಾಲಯವಾಗಲಿ ಬೇಕಿಲ್ಲ.

ಇದರ ಪ್ರಯೋಜನವು ಮುಂಬಯಿಯ ಕೊಳೆಗೇರಿಗಳಲ್ಲಿ ಸಿದ್ಧಪಟ್ಟಿದೆ. ಟಾಟಾ ಸ್ಮಾರಕ ಆಸ್ಪತ್ರೆಯು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ 35ರಿಂದ 64 ವರ್ಷದ ಸುಮಾರು 1,50,000 ಮಹಿಳೆಯರು ಒಳಗೊಂಡಿದ್ದರು. ಇವರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷಗಳಿಗೊಮ್ಮೆ ಈ ಪರೀಕ್ಷೆಯ ಅವಕಾಶ ಕಲ್ಪಿಸಲಾಯಿತು. ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ತಪಾಸಣೆಯ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾಗುವ ಮರಣವು ಶೇಕಡಾ 31ರಷ್ಟು ಕಡಿಮೆಯಾಯಿತೆಂದು 2013ರಲ್ಲಿ ಪ್ರಕಟವಾಯಿತು. ಕರೆಗೆ ಓಗೊಟ್ಟು ಬಂದವರು ಶೇಕಡಾ 89. ಮನೆಯ ಸಮೀಪದಲ್ಲಿಯೇ, ಮಹಿಳೆಯರಿಂದಲೇ, ವಿಷಯವನ್ನು ತಿಳಿಹೇಳಿ ಪರೀಕ್ಷೆ ನಡೆಸಿದರೆ ಸಂಕೋಚವು ಕರಗುತ್ತದೆ ಎಂಬುದಕ್ಕೆ ಇದೇ ನಿದರ್ಶನ. ಆದರೆ ಸಂಶಯ ಕಂಡುಬಂದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಮುಂದಿನ ಪರೀಕ್ಷೆಗೆ ಬರಲಿಲ್ಲ. ಅರ್ಧಕ್ಕೆ ನಿಂತ ತಪಾಸಣೆಯಿಂದ ಫಲವಿಲ್ಲ.

ಎರಡು ವಿಷಯಗಳನ್ನು ನೆನಪಿಡಬೇಕು. ಪರೀಕ್ಷೆಯಲ್ಲಿ ಸಂಶಯ ಕಂಡುಬಂದ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ಮುಂದಿನ ಪರೀಕ್ಷೆಯು ಆತಂಕವನ್ನು ನಿವಾರಿಸುತ್ತದೆ. ಹಾಗೆಯೇ, ಒಮ್ಮೆ ದೋಷ ಕಾಣದಿದ್ದರೆ ಅದು ಜೀವಮಾನದ ಖಾತರಿಯೂ ಅಲ್ಲ. ಅಸಹಜ ರಕ್ತಸ್ರಾವ, ಸ್ತನದಲ್ಲಿ ಗಂಟು, ಬಾಯಲ್ಲಿ ಮಾಯದ ಹುಣ್ಣು ಕಂಡುಬಂದರೆ ಸರದಿಗಾಗಿ ಕಾಯದೆ ವೈದ್ಯರನ್ನು ಕಾಣತಕ್ಕದ್ದು.

2016ರ ಕೇಂದ್ರ ಮಾರ್ಗಸೂಚಿಯು 30 ವರ್ಷ ಮೇಲ್ಪಟ್ಟವರಿಗೆ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ತಪಾಸಣೆಯನ್ನು ಐದು ವರ್ಷಗಳಿಗೊಮ್ಮೆ ಸೂಚಿಸಿದೆ. ತಂಬಾಕು, ಅಡಿಕೆ ಜಗಿಯುವ ಪುರುಷರು ತಾವೂ ಪರೀಕ್ಷೆಗೆ ಮುಂದಾಗಬೇಕು; ಮನೆಯ ಮಹಿಳೆಯರಿಗೂ ಬಿಡುವು ಮತ್ತು ಬೆಂಬಲ ನೀಡಬೇಕು. ಕುಟುಂಬದಲ್ಲಿ ಈ ವಿಷಯದ ಮುಕ್ತ ಚರ್ಚೆ ನಡೆಯುವುದೇ ಮೊದಲ ಹೆಜ್ಜೆ.