ಗಾಡಿ ಬಂದ ಮೇಲೂ ಗಡಿಯಾರ ನಿಲ್ಲಲ್ಲ

108ಕ್ಕೆ ಫೋನ್ ಹಚ್ಚಿದ ಮೇಲೆ ನಮ್ಮ ಕಡೆ ಎಲ್ಲರೂ ಕೇಳೋದು ಒಂದೇ: "ಗಾಡಿ ಎಲ್ಲಿ ಬಂದದ್ರೀ?" ಕರೆ ಬಂದಾಗಿನಿಂದ ಗಾಡಿ ಸ್ಥಳ ಮುಟ್ಟುವವರೆಗಿನ ಈ ಹೊತ್ತಿಗೆ ರೆಸ್ಪಾನ್ಸ್ ಟೈಮ್ ಅಂತಾರೆ. ಇಂಗ್ಲೆಂಡಿನಲ್ಲಿ ಜೀವಕ್ಕೇ ಅಪಾಯವಿರುವ ಕರೆಗಳಿಗೆ ಇದು ಸರಾಸರಿ 7 ನಿಮಿಷ ಇರಬೇಕು ಅನ್ನೋದು ಗುರಿ. ಕರ್ನಾಟಕದಲ್ಲಿ 'ಆರೋಗ್ಯ ಕವಚ' 108 ಶುರುವಾಗಿದ್ದು 2008ರ ನವೆಂಬರ್ 1ರಂದು. ಆದರೆ ಬಸವಕಲ್ಯಾಣ, ಹುಮನಾಬಾದ ಭಾಗದಲ್ಲಿ ಈ ಒಂದೇ ಅಂಕಿ ನೋಡಿದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ.

ಪುಣೆ–ಹೈದರಾಬಾದ್ ಹೆದ್ದಾರಿ 65 (ಹಳಬರ ಬಾಯಲ್ಲಿ ಇನ್ನೂ 9) ಎರಡೂ ತಾಲೂಕು ಹಾಯ್ದು ಹೋಗುತ್ತದೆ. ರಾತ್ರಿಯಿಡೀ ಲಾರಿ, ಸ್ಲೀಪರ್ ಬಸ್ಸು, ಸುಗ್ಗಿ ಬಂದರೆ ಕಬ್ಬಿನ ಟ್ರ್ಯಾಕ್ಟರು. ರಾಜೇಶ್ವರದ ಹತ್ತಿರ ಬೈಕ್ ಬಿದ್ದು ಒಬ್ಬರ ತಲೆಗೆ ಪೆಟ್ಟಾಯ್ತು ಅಂದ್ಕೊಳ್ಳಿ. ಗಾಡಿ ಬರಲು 20 ನಿಮಿಷ. ಕುತ್ತಿಗೆಗೆ ಕಾಲರ್ ಕಟ್ಟಿ, ರಕ್ತ ನಿಲ್ಲಿಸಿ, ಎತ್ತಿ ಹೊರಡಲು 10. ಹುಮನಾಬಾದ ತಾಲೂಕು ಆಸ್ಪತ್ರೆಗೆ 20. ಅಲ್ಲಿ ಉಸಿರು, ಬಿಪಿ ಹತೋಟಿಗೆ ತಂದು, ಮಿದುಳಿನ ಆಪರೇಷನ್ ಬೇಕಾಗಬಹುದೆಂದು ಮುಂದಕ್ಕೆ ಬರೆದು ಕೊಡಲು 30. ಅಲ್ಲಿಂದ ಬೀದರ ಸುಮಾರು 50 ಕಿ.ಮೀ., ಕಲಬುರಗಿ ಸುಮಾರು 60; ಹೈದರಾಬಾದ್, ಸೊಲ್ಲಾಪುರ ಎರಡೂ 150ರ ಆಸುಪಾಸು. ಕಲಬುರಗಿಗೇ ಹೋದರೂ ಇನ್ನೊಂದು 75 ನಿಮಿಷ. ಒಟ್ಟು 155. ಇವು ಉದಾಹರಣೆಗೆ ಹಿಡಿದ ಅಂಕಿಗಳು, ಅಳತೆ ಮಾಡಿದ್ದಲ್ಲ. ಆದರೂ ನೋಡಿ, ಮೊದಲ ಗಾಡಿ 10 ನಿಮಿಷ ಬೇಗ ಬಂದರೂ 145 ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆ 'ಗೋಲ್ಡನ್ ಅವರ್' ಅನ್ನೋದು ಗಾಯವಾದ ಮೇಲಿನ ಮೊದಲ ಒಂದು ಗಂಟೆಗೆ!

ಇನ್ನೊಂದು ಲೆಕ್ಕ ನಮ್ಮ ಸಿಲಬಸ್ಸಿನ ಕ್ಯೂಯಿಂಗ್ ಥಿಯರಿಯದು. ಅದೇ ಗಾಡಿ ಕಲಬುರಗಿಗೆ ಹೋಗಿ ಬಂದರೆ ಹತ್ತಿರ ಹತ್ತಿರ ಮೂರು ತಾಸು ತಾಲೂಕಿನಲ್ಲಿ ಇರಲ್ಲ. ಆ ಹೊತ್ತಿಗೆ ಬಂದ ಮುಂದಿನ ಕರೆಗೆ ದೂರದ ಗಾಡಿಯೇ ಗತಿ. ರಾಷ್ಟ್ರೀಯ ಮಾನದಂಡ 1 ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬುಲೆನ್ಸ್, 5 ಲಕ್ಷಕ್ಕೆ ಒಂದು ಅಡ್ವಾನ್ಸ್‌ಡ್ ಆಂಬುಲೆನ್ಸ್ ಅಂತ ಹೇಳುತ್ತದೆ. ಬೆಂಗಳೂರಿನ ಒಂದು ಲಕ್ಷ ಜನರೂ ಇಲ್ಲಿನ ಹಳ್ಳಿಗಳಲ್ಲಿ ಚದುರಿದ ಒಂದು ಲಕ್ಷ ಜನರೂ ಇದರಲ್ಲಿ ಒಂದೇ. ನನಗೆ ಇದು ಸರಿ ಕಾಣಲ್ಲ, ದೂರವನ್ನೂ ಲೆಕ್ಕಕ್ಕೆ ತಗೋಬೇಕು.

ಹೃದಯಾಘಾತದ ವಿಷಯದಲ್ಲಿ ದಾರಿ ಬೇರೆ ಥರ ಕಡಿಮೆಯಾಗಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಬೇಕೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಕಲಬುರಗಿಯ ಜಯದೇವಕ್ಕೆ ಆಮೇಲೆ ಹೋಗಬಹುದು. ತಲೆಯೊಳಗಿನ ರಕ್ತಸ್ರಾವಕ್ಕೆ ಹೀಗೆ ಇಂಜೆಕ್ಷನ್ನಿನಲ್ಲಿ ಮುಗಿಯಲ್ಲ.

ಹೃದಯ ಪೂರ್ತಿ ನಿಂತೇ ಬಿಟ್ಟರೆ ಮಾತ್ರ ಯಾವ ದೇಶದ ಗಾಡಿಯೂ ತಡವೇ. ಸಿಪಿಆರ್ ಸಿಗದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಪಕ್ಕದಲ್ಲಿದ್ದವರೇ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಒತ್ತಬೇಕು.

ಫೋನ್ ಮಾಡುವಾಗ ಮೊದಲು "ಕರ್ನಾಟಕ, ಬೀದರ ಜಿಲ್ಲೆ" ಅನ್ನಿ, ಗಡಿಯ ಹತ್ತಿರ ಮೊಬೈಲು ಮಹಾರಾಷ್ಟ್ರದ ಟವರ್ ಹಿಡಿಯೋದುಂಟು. ಆಮೇಲೆ ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್, ಯಾವ ಕಡೆಗೆ ಹೋಗುವ ರಸ್ತೆ ಅಂತ. ಹೆದ್ದಾರಿಯಾದರೆ 1033 ಕೂಡ ಇದೆ. ಪೊಲೀಸ್ ಕೇಸಿಗೆ ಹೆದರಬೇಡಿ: 2019ರಲ್ಲಿ ಸೇರಿದ 134ಎ ಕಲಂ ಪ್ರಕಾರ, ಗಾಯಾಳುವಿಗೆ ಸಹಾಯ ಮಾಡಿದವರು ತಮ್ಮ ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ.