ಮಳೆಗೆ ಮೊದಲು ಮಾಡಿನ ಆರೈಕೆ

ಪುತ್ತೂರಿನ ದರ್ಬೆಯ ಪೇಟೆಬದಿಯಲ್ಲಿ ಈಗ ಕಾಂಕ್ರೀಟಿನ ತಾರಸಿಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಆದರೂ ಒಳದಾರಿ ಹಿಡಿದು ತೋಟಗಳ ನಡುವೆ ನಡೆದರೆ ಹಂಚಿನ ಮಾಡು ಇನ್ನೂ ಉಂಟು. ಅಡಿಕೆ ಬೆಳೆಗಾರರ ಮನೆಗಳಲ್ಲಿ ಅದರಡಿಯ ಅಟ್ಟದಲ್ಲಿ ವರ್ಷದ ಬೆಳೆಯೂ ಇರುತ್ತದೆ. ಮಾಡು ಸೋರಿ ಚೀಲಕ್ಕೆ ತೇವ ತಗಲಿದರೆ ಅಡಿಕೆಗೆ ಬೂಷ್ಟು ಹಿಡಿಯುತ್ತದೆ; ಬಣ್ಣ ಕೆಟ್ಟ ಅಡಿಕೆಗೆ ಪೇಟೆಯಲ್ಲಿ ಧಾರಣೆ ಸಿಕ್ಕುವುದಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಮಾಡಿಗಿರುವ ಭಯ ಭಾರದ್ದು. ಹಿಮ ಮೇಲೆ ಕುಳಿತು ದಿನಗಟ್ಟಲೆ ಇಳಿಯದಿದ್ದರೆ ಅದರ ತೂಕಕ್ಕೆ ತೊಲೆಯೇ ಮುರಿಯುವುದುಂಟು. ನಮ್ಮ ಮಳೆ ಹಾಗೆ ಕೂರುವುದಿಲ್ಲ, ಹರಿಯುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನಿನಿಂದ ಸಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ದಿನವೊಂದಕ್ಕೆ 100 ಮಿಲಿಮೀಟರ್ ಬಿತ್ತೆನ್ನಿ. ಸಾವಿರ ಚದರಡಿ ನೆಲವನ್ನು ಮುಚ್ಚಿದ ಮಾಡಿನಿಂದ ಸುಮಾರು 9,300 ಲೀಟರ್ ನೀರು ಇಳಿಯಬೇಕು. ದಾರಿ ಬಿಟ್ಟರೆ ಅದು ಅಂಗಳಕ್ಕೆ ಹೋಗುತ್ತದೆ, ಕಟ್ಟಿದರೆ ಮನೆಯೊಳಕ್ಕೆ ಬರುತ್ತದೆ.

ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಹೆಸರಾದ ಮಂಗಳೂರು ಹಂಚಿನ ಗುಟ್ಟು ಅದರ ಗೀರುಗಳಲ್ಲಿದೆ. ಮೈಮೇಲಿನ ತೋಡುಗಳು ನೀರನ್ನು ಕೆಳಗಿನ ಸಾಲಿಗೆ ದಾಟಿಸುತ್ತವೆ. ಅಂಚಿನ ಏಣು ಪಕ್ಕದ ಹಂಚನ್ನು ಕಚ್ಚಿಕೊಳ್ಳುತ್ತದೆ. ಅಡಿಯ ಗುಬುಟು ರೀಪಿಗೆ ಆತುಕೊಂಡು ಜಾರದಂತೆ ಹಿಡಿಯುತ್ತದೆ. ಆ ತೋಡುಗಳಲ್ಲಿ ಹಲಸಿನದೋ ಮಾವಿನದೋ ತರಗೆಲೆ ಕೊಳೆತು ಮಣ್ಣಾಗಿ, ಮೇಲೆ ಪಾಚಿಯೂ ಬೆಳೆದರೆ ಹರಿಯುವ ನೀರು ಹಿಮ್ಮೆಟ್ಟಿ ಸಂದಿಯಿಂದ ಒಳಕ್ಕಿಳಿಯುತ್ತದೆ. ಒಡೆದ ಹಂಚು ಒಂದೂ ಇಲ್ಲದೆ ಮಾಡು ಸೋರುವುದು ಹೀಗೆ. ಸೋರಿದಾಗಲೆಲ್ಲ ಹಂಚನ್ನು ದೂರುವವರು ಮೊದಲು ಪೊರಕೆ ಹಿಡಿಯುವುದು ಲೇಸು.

ಎರಡು ಮಾಡುಗಳು ಕೂಡುವ ಒಳಮೂಲೆಯ ತಗಡಿನಲ್ಲಿ ಎರಡೂ ಬದಿಯ ನೀರು ಒಟ್ಟಾಗುತ್ತದೆ, ಕಸವೂ ಅಲ್ಲಿಗೇ ಬಂದು ಸೇರುತ್ತದೆ. ತಗಡು ತುಕ್ಕು ಹಿಡಿದಿದ್ದರೆ ಬದಲಿಸಲೇಬೇಕು. ನೆತ್ತಿಯ ಹಂಚುಗಳ ಗಾರೆ ಬಿಸಿಲಿಗೆ ಬಿರಿದಿದೆಯೇ ಎಂದೂ ನೋಡಬೇಕು. ಇದಕ್ಕಿಂತ ಕಷ್ಟದ ಜಾಗ ಗೋಡೆಯ ತಲೆ. ಪಕ್ಕಾಸಿನ ತುದಿ ಅಲ್ಲಿ ಮರೆಯಾಗಿರುವುದರಿಂದ ಒದ್ದೆಯಾದದ್ದು ತಿಳಿಯುವುದೇ ಇಲ್ಲ. ಗೆದ್ದಲು ಬಂದ ಮೇಲಷ್ಟೇ ತಿಳಿಯುತ್ತದೆ. ಚೂರಿಯ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಬಡಗಿಯನ್ನು ಕರೆಯಿರಿ.

ಈ ಕೆಲಸವೆಲ್ಲ ಪತ್ತನಾಜೆಯ ಒಳಗೆ, ಎಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮೊದಲೇ ಮುಗಿಯಬೇಕು. ಆಟ, ಕೋಲಗಳು ನಿಲ್ಲುವ ಆ ದಿನದ ಮೇಲೆ ಆಕಾಶವನ್ನು ನಂಬುವಂತಿಲ್ಲ. ಹತ್ತುವವರು ಬರಿ ಹಂಚಿನ ನಡುವೆ ಕಾಲಿಡದೆ, ಅಡಿಯಲ್ಲಿ ಪಕ್ಕಾಸು ಇರುವಲ್ಲಿ ಹಲಗೆ ಹಾಸಿ ಅದರ ಮೇಲೆ ಕೂರಬೇಕು, ಸೊಂಟಕ್ಕೆ ಹಗ್ಗವಿರಲಿ. ಪಾಚಿ ಕಟ್ಟಿದ ಹಂಚು ಒದ್ದೆಯಾದರೆ ಎಂಥ ಅನುಭವಸ್ಥನನ್ನೂ ಜಾರಿಸುತ್ತದೆ. ಆಟಿಯ ನಡುರಾತ್ರಿ ಸೋರಿದರೂ ಮೇಲೆ ಹತ್ತುವುದು ಬೇಡ. ಅಟ್ಟದಿಂದಲೇ ಹಂಚನ್ನು ಮೆಲ್ಲಗೆ ಎತ್ತಿ ಅಡಿಗೊಂದು ಅಡಿಕೆ ಹಾಳೆಯ ತುಂಡನ್ನು ತೂರಿಸಿದರೆ ಮಳೆ ಬಿಡುವವರೆಗೆ ಸಾಕು.

ಈಚೆಗೆ ಹಂಚಿನ ಮೇಲೆಯೇ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದೆಸುವವರಿದ್ದಾರೆ. ಮಳೆ ತಡೆಯುತ್ತದೆ ನಿಜ, ಆದರೆ ಗಾಳಿಗೆ ಶೀಟು ಹಾರದಂತೆ ಬಿಗಿಯಬೇಕು, ನಡುವೆ ಗಾಳಿಯಾಡಲು ಜಾಗ ಬಿಡಬೇಕು. ಹಾಗೆ ಮಾಡುವವರೂ ಮಾಡದವರೂ ತೆಗೆದ ಹಳೆಯ ಹಂಚನ್ನು ಎಸೆಯಬೇಡಿ. ಕಾರ್ಖಾನೆಗಳು ಅನೇಕ ಮುಚ್ಚಿವೆ; ಒಂದರ ಹಂಚು ಇನ್ನೊಂದರದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ನಿಮ್ಮ ಮಾಡಿನ ಹಂಚಿನ ಬೆನ್ನಮೇಲಿನ ಮುದ್ರೆ ನೋಡಿಕೊಂಡು, ಅದೇ ಮುದ್ರೆಯವು ಐವತ್ತನ್ನಾದರೂ ಕೊಟ್ಟಿಗೆಯ ಬದಿಗೆ ನಿಲ್ಲಿಸಿಡಿ.