ಹೊಸ ಉದ್ಯಮಕ್ಕೆ ಅನುದಾನ

ಉದ್ಯಮವನ್ನು ಆರಂಭಿಸುವವನಿಗೆ ಬಂಡವಾಳ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ಬಂಡವಾಳವು ಯಾವ ಯಾವ ರೂಪದಲ್ಲಿ ದೊರೆಯುತ್ತದೆ, ಯಾವುದನ್ನು ಹಿಂದಿರುಗಿಸಬೇಕು, ಯಾವುದನ್ನು ಹಿಂದಿರುಗಿಸಬೇಕಾಗಿಲ್ಲ ಎಂಬ ವಿಚಾರದಲ್ಲಿ ನಮ್ಮ ಜನರಲ್ಲಿ ಸ್ಪಷ್ಟವಾದ ತಿಳಿವಳಿಕೆ ಇನ್ನೂ ಬೆಳೆಯಬೇಕಾಗಿದೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಇನ್ನೊಂದು ತೊಡಕೂ ಉಂಟು. ಪ್ರಕಟಣೆಗಳು ಇಂಗ್ಲಿಷಿನಲ್ಲೋ ರಾಜ್ಯಭಾಷೆಯಲ್ಲೋ ಬರುವುದರಿಂದ, ಅವುಗಳ ಅರ್ಥ ನಮ್ಮ ಮನೆಗಳನ್ನು ತಲಪುವ ಹೊತ್ತಿಗೆ ಅರ್ಜಿಯ ಅವಧಿಯೇ ಮುಗಿದಿರುವುದುಂಟು. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಬಯಸುತ್ತೇವೆ.

ಮೊದಲು ಮೂರು ಶಬ್ದಗಳ ಭೇದವನ್ನು ತಿಳಿಯೋಣ. ಸಾಲವೆಂಬುದು ಬಡ್ಡಿಸಹಿತ ಹಿಂದಿರುಗಿಸತಕ್ಕ ಹಣ. ಸಹಾಯಧನವೆಂಬುದು ಬಳಕೆಯಲ್ಲಿರುವ ಒಂದು ವಸ್ತುವನ್ನು ಕೊಳ್ಳುವವನ ಭಾರವನ್ನು ಹಗುರಗೊಳಿಸಲು ಸರಕಾರವು ವಹಿಸಿಕೊಳ್ಳುವ ಪಾಲು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ, ಮನೆಯ ಮಾಡಿನ ಮೇಲೆ 3 ಕಿಲೋವಾಟಿನ ಸೌರಫಲಕಗಳನ್ನು ಹಾಕಿಸಿದವರಿಗೆ 78,000 ರೂಪಾಯಿ ಎಂದು ಗೊತ್ತುಪಡಿಸಿದ್ದು ಇದಕ್ಕೆ ಉದಾಹರಣೆ. ಅನುದಾನವಾದರೋ ಇನ್ನೂ ಸಿದ್ಧವಾಗದ, ಆದರೆ ಸಿದ್ಧವಾಗಬಹುದಾದ ಒಂದು ವಿಚಾರವನ್ನು ಪರೀಕ್ಷಿಸಲು ಕೊಡುವ ಹಣ. ಒಪ್ಪಿಕೊಂಡ ಕೆಲಸಕ್ಕೆ ಅದನ್ನು ಪ್ರಾಮಾಣಿಕವಾಗಿ ವೆಚ್ಚಮಾಡಿ ಲೆಕ್ಕ ಒಪ್ಪಿಸಿದರೆ, ಪ್ರಯೋಗವು ಕೈಗೂಡದಿದ್ದರೂ ಸಾಮಾನ್ಯವಾಗಿ ಹಿಂದಿರುಗಿಸಬೇಕಾಗಿಲ್ಲ.

ಸರಕಾರವೇಕೆ ಹೀಗೆ ಹಣ ಕೊಡಬೇಕು? ಇದಕ್ಕೆ ಎರಡು ಕಾರಣಗಳಿವೆ. ಬ್ಯಾಂಕು ಸಾಲ ಕೊಡುವ ಮುನ್ನ, ಹಣ ಮರಳಿ ಬರುವುದಕ್ಕೆ ಆಧಾರವೇನೆಂದು ಕೇಳುತ್ತದೆ. ಹಿಂದೆ ಯಾರೂ ಮಾಡದ ಕೆಲಸಕ್ಕೆ ಆಧಾರವನ್ನು ಎಲ್ಲಿಂದ ತರುವುದು? ಇದು ಮೊದಲನೆಯದು. ಎರಡನೆಯದು ಶುದ್ಧ ತಂತ್ರಜ್ಞಾನಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. ಒಂದು ಗೇರುಬೀಜದ ಕಾರ್ಖಾನೆಯು ಹೊಗೆ ಕಡಿಮೆಯಾಗುವ ಒಲೆಯನ್ನು ಹಾಕಿಸಿತೆನ್ನೋಣ. ಖರ್ಚು ಮಾಲಿಕನದು, ಶುದ್ಧವಾದ ಗಾಳಿಯಾದರೋ ನೆರೆಹೊರೆಯವರೆಲ್ಲರದು. ಲಾಭವು ಹಲವರಿಗೆ ಹಂಚಿಹೋಗುವಲ್ಲಿ ವೆಚ್ಚವನ್ನು ಒಬ್ಬನೇ ಹೊರಲು ಹಿಂಜರಿಯುವುದು ಸಹಜ. ಆ ಹಿಂಜರಿಕೆಯನ್ನು ನೀಗಿಸುವುದಕ್ಕಾಗಿಯೇ ಸಾರ್ವಜನಿಕರ ಹಣದ ಒಂದಂಶವನ್ನು ಅಲ್ಲಿ ತೊಡಗಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಹರಡಿದ್ದು ಈ ಬಗೆಯ ನೆರವಿನಿಂದಲೇ. 1981-82ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯ ಸಹಾಯಧನವು ಎಷ್ಟೋ ಅಡುಗೆಮನೆಗಳಿಂದ ಹೊಗೆಯನ್ನು ಹೊರಗಟ್ಟಿತು.

ಇನ್ನು ಯಾರು ಯಾವುದನ್ನು ಪಡೆಯಬಹುದೆಂಬುದನ್ನು ನೋಡೋಣ. ಮೊದಲ ಅವಕಾಶವು ಶಾಲೆಯ ಬಾಗಿಲಲ್ಲಿಯೇ ಇದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನದೊಡನೆ ನಡೆಸುವ ಇನ್‌ಸ್ಪೈರ್ ಮಾನಕ್ ಯೋಜನೆಯು 6ರಿಂದ 10ನೆಯ ತರಗತಿಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಆರಂಭವಾದುದು. ಆಯ್ಕೆಯಾದ ವಿಚಾರಕ್ಕೆ 10,000 ರೂಪಾಯಿಗಳು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಜಮೆಯಾಗುತ್ತವೆ. ಆ ಹಣದಿಂದ ಮಾದರಿಯನ್ನು ತಯಾರಿಸಿ ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟದ ಪ್ರದರ್ಶನಗಳಲ್ಲಿ ಒಪ್ಪಿಸಬಹುದು. ವಿಚಾರವನ್ನು ಯಾವುದೇ ಭಾರತೀಯ ಭಾಷೆಯಲ್ಲಿ ಬರೆದು ಸಲ್ಲಿಸಲು ಇಲ್ಲಿ ಅವಕಾಶವಿದೆಯೆಂಬುದನ್ನು ನಮ್ಮ ಮಕ್ಕಳು ಮುಖ್ಯವಾಗಿ ಗಮನಿಸತಕ್ಕದ್ದು. ಕನ್ನಡದಲ್ಲಿ ಯೋಚಿಸಿದ್ದನ್ನು ಕನ್ನಡದಲ್ಲಿಯೇ ಹೇಳಲು ಅಳುಕಬೇಕಾಗಿಲ್ಲ.

ಎರಡನೆಯದು ಹಿರಿಯರಿಗೆ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ನಿರ್ವಹಿಸಿಕೊಂಡು ಬಂದಿದೆ. 2022ರಲ್ಲಿ ಪರಿಷ್ಕೃತವಾದ ನಿಯಮಗಳಂತೆ ತಯಾರಿಕೆಯ ಉದ್ಯಮಕ್ಕೆ 50 ಲಕ್ಷ, ಸೇವೆಯ ಉದ್ಯಮಕ್ಕೆ 20 ಲಕ್ಷ ರೂಪಾಯಿಗಳವರೆಗಿನ ಯೋಜನೆಗಳನ್ನು ಪರಿಗಣಿಸಲಾಗುತ್ತದೆ. ಹಳ್ಳಿಯಲ್ಲಿ ಒಬ್ಬಾತನು 10 ಲಕ್ಷದ ಒಂದು ತಯಾರಿಕೆಯ ಘಟಕವನ್ನು ತೆರೆಯುವನೆನ್ನೋಣ. ಸಾಮಾನ್ಯ ವರ್ಗದವನಾದರೆ ಸ್ವಂತದ ಪಾಲು 1 ಲಕ್ಷ, ಸಹಾಯಧನ ಎರಡೂವರೆ ಲಕ್ಷ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ ಸ್ವಂತದ ಪಾಲು 50,000, ಸಹಾಯಧನ ಮೂರೂವರೆ ಲಕ್ಷ. ಉಳಿದುದು ಬ್ಯಾಂಕಿನ ಸಾಲ. ಆದರೆ ಈ ಸಹಾಯಧನವು ಕೈಗೆ ಬರುವ ನಗದಲ್ಲ. ಅದು 3 ವರ್ಷಗಳ ಕಾಲ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಉದ್ಯಮವು ನಡೆಯುತ್ತಿದೆಯೆಂದು ಖಚಿತವಾದ ಮೇಲೆಯೇ ಸಾಲಕ್ಕೆ ವಜಾ ಆಗುತ್ತದೆ. ನಡುವೆ ಬೀಗ ಹಾಕಿದವನು ಪೂರ್ತಿ ಸಾಲಕ್ಕೆ ಹೊಣೆಯಾದಾನು. ತಯಾರಿಕೆಯಲ್ಲಿ 10 ಲಕ್ಷ ಮೀರಿದ ಯೋಜನೆಗೆ 8ನೆಯ ತರಗತಿಯ ತೇರ್ಗಡೆಯೂ ಅಗತ್ಯ. ಮಕ್ಕಳನ್ನು ನಡುವೆಯೇ ಶಾಲೆ ಬಿಡಿಸುವ ಹೆತ್ತವರು ಈ ಮಾತನ್ನು ನೆನಪಿಡುವುದೊಳ್ಳೆಯದು.

ಮೂರನೆಯದು ಕಾಲೇಜು ಮುಗಿಸಿದ ತರುಣರಿಗೆ. ನಿಧಿ ಪ್ರಯಾಸ್ ಎಂಬ ಯೋಜನೆಯಲ್ಲಿ ಹೊಸ ಉಪಕರಣದ ಮಾದರಿಯನ್ನು ತಯಾರಿಸಲು 10 ಲಕ್ಷದವರೆಗೆ ಅನುದಾನವುಂಟು. 2021ರಲ್ಲಿ 945 ಕೋಟಿ ರೂಪಾಯಿಗಳೊಡನೆ ಆರಂಭವಾದ ಸ್ಟಾರ್ಟಪ್ ಇಂಡಿಯಾ ಬೀಜನಿಧಿಯು, ವಿಚಾರವು ನಡೆಯತಕ್ಕದ್ದೆಂದು ತೋರಿಸಲು 20 ಲಕ್ಷದವರೆಗಿನ ಅನುದಾನವನ್ನು ಗೊತ್ತುಮಾಡಿತು. ಇಂಥ ಹಣವನ್ನು ಸರಕಾರವು ನೇರವಾಗಿ ಕೊಡದೆ, ಇನ್‌ಕ್ಯುಬೇಟರ್ ಎನ್ನಿಸಿಕೊಳ್ಳುವ ಪೋಷಕ ಕೇಂದ್ರಗಳ ಮೂಲಕ ಕಂತುಕಂತಾಗಿ ಕೊಡುತ್ತದೆ. ಮೊದಲ ಕಂತಿನ ಕೆಲಸವನ್ನು ತೋರಿಸಿದರೆ ಮಾತ್ರ ಎರಡನೆಯದು.

ಅರ್ಜಿಯನ್ನು ಬರೆಯುವುದು ಹೇಗೆ? ಅಲಂಕಾರದ ಮಾತುಗಳಿಂದ ಪ್ರಯೋಜನವಿಲ್ಲ. ತೊಂದರೆ ಏನು, ಅದು ಯಾರದು, ಈಗಿರುವ ಉಪಾಯ ಏಕೆ ಸಾಲದು, ನಮ್ಮ ಉಪಾಯ ಯಾವುದು, ಅದಕ್ಕೆಷ್ಟು ಖರ್ಚು, ಫಲವನ್ನು ಅಳೆಯುವುದೆಂತು — ಈ ಆರು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು. “ನಮ್ಮ ಒಲೆ ಸೌದೆಯನ್ನು ಉಳಿಸುತ್ತದೆ” ಎಂದರೆ ಅದು ಬರಿಯ ಮಾತು. ಒಂದು ವಾರ ಹಳೆಯ ಒಲೆಗೂ ಮರುವಾರ ಹೊಸ ಒಲೆಗೂ ಹಾಕಿದ ಸೌದೆಯನ್ನು ತೂಗಿ ಬರೆದಿಟ್ಟರೆ ಅದೇ ಸಾಕ್ಷಿ. ಖರ್ಚಿನ ಅಂದಾಜಿನಲ್ಲಿಯೂ ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಮರೆಯಲಾಗದು.

ಒಂದು ಎಚ್ಚರಿಕೆ ಅವಶ್ಯವಾಗಿದೆ. ಮಂಜೂರು ಮಾಡಿಸಿಕೊಡುತ್ತೇವೆಂದು ಮುಂಗಡ ಕೇಳುವ ಮಧ್ಯವರ್ತಿಗಳನ್ನು ನಂಬಲಾಗದು. ನಿಯಮಗಳೂ ಮೊಬಲಗುಗಳೂ ಕಾಲಕಾಲಕ್ಕೆ ಬದಲಾಗುವುದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೋ ಬ್ಯಾಂಕಿನಲ್ಲಿಯೋ ಸ್ವತಃ ವಿಚಾರಿಸಿಯೇ ಮುಂದುವರಿಯಬೇಕು. ಅನುದಾನವು ಪುಕ್ಕಟೆ ಹಣವಲ್ಲ. ಬಡವನೂ ಸೇರಿದಂತೆ ಈ ನಾಡಿನ ಎಲ್ಲರ ದುಡಿಮೆಯ ಒಂದಂಶವದು. ಅದನ್ನು ಕೇಳಲು ನಮ್ಮ ಮಕ್ಕಳಿಗೆ ಇತರರಷ್ಟೇ ಹಕ್ಕಿದೆ. ಅದಕ್ಕೆ ಲೆಕ್ಕ ಕೊಡುವ ಹೊಣೆಯೂ ಅಷ್ಟೇ ಇದೆ. ಈ ಎರಡನ್ನೂ ಅರಿತ ತರುಣ ತರುಣಿಯರು ನಮ್ಮ ಶಾಲೆಯಿಂದ ಹೊರಬರಲೆಂದು ಹಾರೈಸುತ್ತೇವೆ.